ತೊಟ್ಟಿಲಿಗೆ ಒಂದು ಪಾಟೀಸವಾಲು

ರಾಯಚೂರು, ನೆರಳುಮಾಸದ ಮೂವತ್ತೈದು, ೨೨೧೬

ಕಾನೂನು ಕಾಲೇಜಿನ ಮೊದಲ ವರ್ಷದ ವಿದ್ಯಾರ್ಥಿಗಳಿಗೆ,

ನಿಮಗಿಂತ ಸುಮಾರು ಇನ್ನೂರು ವರ್ಷ ಮುಂದಿನ ಈ ತಾರೀಖು ನಿಮ್ಮ ಪಂಚಾಂಗದಲ್ಲಿ ಸಿಗುವುದಿಲ್ಲ. ಬಿಸಿಲು ತಡೆಯಲಾರದೆ ವೈಶಾಖ, ಜ್ಯೇಷ್ಠಗಳ ನಡುವೆ ನಲವತ್ತು ದಿನದ ಈ ತಿಂಗಳನ್ನು ನಾವು ಸೇರಿಸಿಕೊಂಡೆವು. ಆಗ ಹಗಲು ಯಾರೂ ಹೊರಗೆ ಕಾಲಿಡುವುದಿಲ್ಲ, ಊರಿಗೆ ಊರೇ ತಂತಮ್ಮ ಮನೆಯ ನೆಲಮಾಳಿಗೆಯಲ್ಲಿ, ಓಡಾಟವೆಲ್ಲ ರಾತ್ರಿ. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ಮಗು ಹುಟ್ಟಿದಾಗಿನಿಂದ ನಾನು ಸರಿಯಾಗಿ ಮಲಗಿಲ್ಲ, ಅದೊಂದು ಕಾರಣ. ಇನ್ನೊಂದು, ನೀವು ಯಾರ ಕಡೆಯವರೋ ನನಗೆ ಗೊತ್ತಿಲ್ಲ.

ನಮ್ಮಲ್ಲಿ ಹೆರಿಗೆಯಾದ ಮನೆಗೆ ಪಾಲನಾ ಮಂಡಳಿ ಒಂದು ತೊಟ್ಟಿಲು ಕೊಡುತ್ತದೆ. ಅದಕ್ಕೆ ಆಲಿಕೆ ಎನ್ನುತ್ತೇವೆ, ಏಕೆಂದರೆ ಅದು ಆಲಿಸುತ್ತದೆ. ಮಗು ಎಷ್ಟು ಅತ್ತಿತು, ತಾಯಿ ಏನು ಹಾಡಿದಳು, ಅತ್ತೆ ಏನು ಗೊಣಗಿದಳು, ಎಲ್ಲ. ಚೆಂದದ ತೊಟ್ಟಿಲು, ಬೇವಿನ ಮರದ್ದು, ತಾನೇ ತೂಗುತ್ತದೆ, ತಾನೇ ತಂಪಾಗುತ್ತದೆ. ಬಂದ ದಿನವೇ ಅದರ ಕಿವಿಗೆ ದುಪ್ಪಟಿ ಹೊದಿಸಿದೆ. ಮರುದಿನ ಮಂಡಳಿಯ ಹೆಣ್ಣುಮಗಳೊಬ್ಬಳು ಬಂದು, ನಗುನಗುತ್ತಲೇ ಅದನ್ನು ತೆಗೆದು ಮಡಚಿಟ್ಟು ಹೋದಳು. ನಗು ಯಾಕೆ ಬೇಕಿತ್ತು ಅವಳಿಗೆ?

ಕಳೆದ ವಾರ ನನಗೆ ಗಂಟಲು ಕಟ್ಟಿತ್ತು. ಮನೆಯಲ್ಲಿ ನಾವಿಬ್ಬರೇ, ಮಗಳು ತುಂಗವ್ವ ರಾತ್ರಿಯೆಲ್ಲ ಅತ್ತಳು. ಹೆಗಲ ಮೇಲೆ ಹಾಕಿಕೊಂಡು, ಬೆನ್ನು ಸವರುತ್ತಾ, ಬರಿಗಾಲಲ್ಲಿ ಮನೆಯೆಲ್ಲ ತಿರುಗಿದೆ. ಬಾಯಿಂದ ಒಂದು ಶಬ್ದ ಹೊರಡಲಿಲ್ಲ. ಆಲಿಕೆಗೆ ಕೇಳಿಸಿದ್ದು ಅಳು ಮಾತ್ರ, ತಾಯಿಯ ದನಿ ಇಲ್ಲ. ಅದು ಬರೆದುಕೊಂಡದ್ದು: ತಾಯಿ ಇರಲಿಲ್ಲ. ಈಗ ಸೋಮವಾರ ಮಂಡಳಿಯ ಎದುರು ನಿಲ್ಲಬೇಕು. ತಪ್ಪು ನನ್ನದೆಂದು ಆದರೆ ತುಂಗವ್ವ ಮಂಡಳಿಯ ಸಾಕುಮನೆಗೆ.

ಪಕ್ಕದ ಮನೆಯ ಖುರ್ಷಿದಾ ಚಾಚಿಗೆ ಹೇಳಿದೆ. "ಏನವಾ, ತೊಟ್ಟಿಲಕ್ಕ ನಿನ್ ಮ್ಯಾಲ ಏನ್ ಹಗೆತನ? ಅದೇನ್ ಸುಳ್ ಹೇಳತೈತೇನು?" ಎಂದು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಸುಳ್ ಹೇಳಂಗಿಲ್ಲ ಚಾಚಿ, ಅದಕ್ಕ ಕಣ್ಣಿಲ್ಲ" ಅಂದೆ. "ಕಾಲೇಜ್ ಕಲ್ತಾಕಿ, ನಿನಗ ಮಾತಿಗೇನ್ ಬರ!" ಎಂದು ಬಾಗಿಲು ಹಾಕಿಕೊಂಡಳು. ಮಂಡಳಿಯವರು ಅವಳನ್ನು ಮೊದಲೇ ಮಾತಾಡಿಸಿ ಹೋಗಿದ್ದರೋ ಏನೋ.

ಕಾಲೇಜಿನಲ್ಲಿ ನಿಮ್ಮ ಕಾಲದ ಕಾನೂನನ್ನು ಓದಿದ್ದೆ, ಹಾಳೂರಿನ ಇತಿಹಾಸ ಓದುವ ಹಾಗೆ. ಆ ಧೈರ್ಯದಿಂದಲೇ ನಿಮಗೆ ಪಾಠ ಹೇಳುತ್ತಿದ್ದೇನೆ. ಆರೋಪ ಹೊರಿಸಿದವನೇ ಅದನ್ನು ಸಾಬೀತುಪಡಿಸಬೇಕು ಎಂದು ಪರೀಕ್ಷೆಗೆ ಬಾಯಿಪಾಠ ಮಾಡುತ್ತೀರಲ್ಲ, ಅದು ಇಲ್ಲದ ಮನೆ ಹೇಗಿರುತ್ತದೆ ಗೊತ್ತೆ? ನಾನು ಮನೆಯಲ್ಲಿದ್ದೆ ಎಂದು ನಾನೇ ತೋರಿಸಬೇಕು, ನನಗಿರುವ ಸಾಕ್ಷಿ ಇನ್ನೂ ಹಲ್ಲು ಬಾರದ ಕೂಸು. ತನ್ನ ವ್ಯಾಜ್ಯಕ್ಕೆ ತಾನೇ ನ್ಯಾಯಾಧೀಶನಾಗಬಾರದು ಎನ್ನುತ್ತೀರಿ. ಇಲ್ಲಿ ತೊಟ್ಟಿಲು ಮಂಡಳಿಯದು, ದೂರು ಮಂಡಳಿಯದು, ಪೀಠದ ಮೇಲೂ ಮಂಡಳಿಯೇ. ಇನ್ನು ಎರಡೂ ಕಡೆ ಕೇಳಬೇಕೆಂಬ ನಿಯಮ. ಅಯ್ಯೋ, ಕೇಳುತ್ತಾರೆ, ಮಜ್ಜಿಗೆ ಕೊಟ್ಟು ಕೇಳುತ್ತಾರೆ! ಆದರೆ ಮುಂತೀರ್ಪು, ಅಂದರೆ ವಿಚಾರಣೆಗೆ ಮೊದಲೇ ಯಂತ್ರ ಬರೆದಿಟ್ಟ ತೀರ್ಪು, ಆಗಲೇ ಮೇಜಿನ ಮೇಲಿರುತ್ತದೆ. ಅಷ್ಟೊಂದು ಮರ್ಯಾದೆ ಕಂಡರೆ ನಾನು ಆ ಮಜ್ಜಿಗೆಯನ್ನೂ ಮುಟ್ಟಲಾರೆ.

ಇಷ್ಟನ್ನೂ ತಡೆದುಕೊಂಡೇನು, ಪಾಟೀಸವಾಲು ಒಂದಿದ್ದಿದ್ದರೆ. ಎದುರಿನ ಸಾಕ್ಷಿಯನ್ನು ನಿಲ್ಲಿಸಿ ಪ್ರಶ್ನೆ ಕೇಳುವ ಹಕ್ಕು ಅದು. ತಾಯಿ ಇರಲಿಲ್ಲ ಎಂದೆಯಲ್ಲ, ನೋಡಿ ಹೇಳಿದೆಯಾ? ಇಷ್ಟೇ ನಾನು ಕೇಳಬೇಕಿದ್ದದ್ದು. ಯಂತ್ರಸಾಕ್ಷಿಗೆ ಪಾಟೀಸವಾಲು ಇಲ್ಲವಂತೆ. ಅದನ್ನು ಯಾವನೋ ಸರ್ವಾಧಿಕಾರಿ ಕಿತ್ತುಕೊಂಡಿರಬೇಕು ಎಂದು ಹುಡುಕಿದೆ. ಅಲ್ಲ. ಕೆಂಪುದೀಪ ದಾಟಿದ ದಂಡದಂಥ ಚಿಲ್ಲರೆ ಪ್ರಕರಣಗಳಲ್ಲಿ, ಯಂತ್ರವನ್ನೇನು ಕೇಳುವುದು, ಸುಮ್ಮನೆ ಹೊತ್ತು ಹಾಳು ಎಂದು ನಿಮ್ಮ ತಲೆಮಾರಿನ ವಕೀಲರೇ ಒಪ್ಪಿ ತಲೆಯಾಡಿಸಿದರು. ಒಳ್ಳೆಯವರೇ ಇರಬೇಕು. ಮನೆಗೆ ಬೇಗ ಹೋಗಬೇಕಿತ್ತೇನೋ.

ನನ್ನ ಬೇಡಿಕೆ ಒಂದೇ. ಯಂತ್ರವನ್ನು ಪ್ರಶ್ನಿಸಬೇಕಿಲ್ಲ ಎಂಬ ಆ ಪ್ರಸ್ತಾಪ ನಿಮ್ಮ ಎದುರು ಬಂದಾಗ, ಎಷ್ಟೇ ಸಣ್ಣ ಪ್ರಕರಣವಾಗಲಿ, ಎದ್ದು ನಿಂತು ಬೇಡ ಅನ್ನಿ. ನೀವು ಹಾಗೆ ಅಂದರೆ ಸೋಮವಾರ ನನಗೆ ಆ ಪ್ರಶ್ನೆ ಕೇಳಲು ಸಿಗುತ್ತದೆ, ಮಗಳು ನನ್ನ ಹೆಗಲ ಮೇಲೆಯೇ ಮನೆಗೆ ಬರುತ್ತಾಳೆ. ಸಿಗದಿದ್ದರೆ ಈ ಪತ್ರ ನಿಮ್ಮ ಕೈ ಸೇರಲಿಲ್ಲ ಎಂದುಕೊಳ್ಳುತ್ತೇನೆ. ಓದಿಯೂ ಸುಮ್ಮನಿದ್ದಿರಿ ಎಂದು, ನಿಮ್ಮನ್ನೊಂದು ಮಾತು ಕೇಳದೆ, ನಾನು ಹೇಳಲಾರೆ.

ಶಿವಲೀಲಾ, ತುಂಗವ್ವನ ತಾಯಿ