ಸೆರೆಯಲ್ಲಿ ಕೆತ್ತಿದ ನಿಮಿಷಾಂಬೆ

ಬಾಬುರಾಯನಕೊಪ್ಪಲು
20 ನವೆಂಬರ್ 2024

ವೀಣಕ್ಕನಿಗೆ ಲಕ್ಷ್ಮಣನ ನಮಸ್ಕಾರ.

ನಾಗಮಂಗಲದಿಂದ ನೀನು ಬರೆದ ಮೂರು ಕಾಗದಕ್ಕೂ ಉತ್ತರ ಬಾಕಿ. ಅಕ್ಕಸಾಲಿಗರ ಮನೆಯಲ್ಲಿ ಹುಟ್ಟಿ ಕಾಲೇಜು ಮೇಷ್ಟ್ರಾದೆನೆಂದು ಅಪ್ಪ ಗೊಣಗುತ್ತಿದ್ದರಲ್ಲ, ಕೊನೆಗೂ ನಾನು ಅಕ್ಕ-ಸಾಲಿಗನಾದೆ. ಫೋನು ಮಾಡಬಹುದಿತ್ತು. ಆದರೆ ನೀನು ಮಧ್ಯದಲ್ಲಿ ಬೈದರೆ ಮುಂದಿನದು ಗಂಟಲಲ್ಲೇ ಉಳಿಯುತ್ತದೆ.

ಅಪ್ಪನ ಕಣ್ಣಿನ ಪೊರೆ ತೆಗೆಸಿದ್ದು ಚೆನ್ನಾಗಿ ಆಯಿತು. ಆಸ್ಪತ್ರೆಯಲ್ಲೇ ಪೇಪರ್ ಓದಿ, "ಪೊರೆ ಇದ್ದಿದ್ದೇ ವಾಸಿಯಾಗಿತ್ತು" ಅಂದರಂತೆ.

ನನ್ನವಳು ಅವರನ್ನು ಮೈಸೂರಿನಲ್ಲಿ ನೋಡಿಕೊಳ್ಳುತ್ತಿದ್ದಾಗಲೇ ನಾನು ತಪ್ಪು ಮಾಡಿದ್ದು. ಎಪ್ಪತ್ತೊಂದರ ಯುದ್ಧದಲ್ಲಿ ಸೆರೆಸಿಕ್ಕಿ, ಪಾಕಿಸ್ತಾನದ ಕ್ಯಾಂಪಿನಲ್ಲಿ ಚಮಚದ ಹಿಡಿ ಮಸೆದು, ಟೀ ಪೆಟ್ಟಿಗೆಯ ಹಲಗೆಯಲ್ಲಿ ಅಪ್ಪ ಕೆತ್ತಿ ತಂದ ನಿಮಿಷಾಂಬೆ ಇದ್ದಾಳಲ್ಲ, ಗೇಣುದ್ದದವಳು. ಬಳೆ, ಮೂಗುತಿ, ಸೀರೆಯ ನಿರಿಗೆ ಎಲ್ಲ ಇದೆ, ಕಣ್ಣು ಮಾತ್ರ ಬಿಡಿಸಿರಲಿಲ್ಲ. ಕೆಲಸ ಮುಗಿಯುವ ಮೊದಲೇ ಬಿಡುಗಡೆಯಾಗಿರಬೇಕೆಂದು ನಾವಿಬ್ಬರೂ ನಂಬಿದ್ದೆವು. ಅಪ್ಪನಿಗೆ ಕಣ್ಣು ಬಂದ ಹಾಗೆ ಆ ತಾಯಿಗೂ ಬರಲಿ ಎಂದು ಅವರ ಉಳಿ ಹಿಡಿದೆ. ಈಗ ನನಗೇ ಉಳಿಗಾಲವಿಲ್ಲ.

ಶನಿವಾರ ಮನೆಗೆ ಬಂದ ಅಪ್ಪ ದೇವರ ಗೂಡಿನ ಮುಂದೆ ನಿಂತೇಬಿಟ್ಟರು.

"ಯಾರ್ಲಾ ಕಣ್ ತೆರುಸ್ದೋನು?"

"ನಾನೇ ಅಪ್ಪ. ಕೆಲ್ಸ ಅರ್ಧ ಉಳ್ದಿತ್ತಲ್ಲ ಅಂತ..."

"ಅರ್ಧ ಅಲ್ಲ ಕಣ್ಲಾ, ಅದು ಅರಕೆ. ನಾನು ಕೆತ್ತುವಾಗ ಕಾವಲಿನೋರು ಬಂದ್ರೆ ಕೆಮ್ತಿದ್ದೋನು ಮುದ್ದಯ್ಯ. ಒಂದಿನ ಅವನ್ನ ಎಲ್ಲಿಗೋ ಕರ್ಕಂಡೋದ್ರು. ಅವ್ನು ಊರಿಗೆ ಬಂದ್ಮೇಲೇ ತಾಯಿಗೆ ಕಣ್ಣು ಅಂದಿದ್ದೆ. ಅವನೆಂಡ್ತಿಗೂ ಅಂಗೇ ಮಾತು ಕೊಟ್ಟಿದ್ದೆ."

ಇದನ್ನು ನಮಗೇಕೆ ಹೇಳಲಿಲ್ಲ ಎಂದೆ. "ನೀವು ಕೇಳುದ್ರಾ?" ಅಂದರು.

ಸಿಂಧಘಟ್ಟದ ಪುಟ್ಟಗೌರತ್ತೆ, ಅದೇ ಮುದ್ದಯ್ಯನ ಹೆಂಡತಿ, ಪ್ರತಿ ಕಾರ್ತಿಕದಲ್ಲೂ ಬಂದು ಆ ಮುಖ ನೋಡಿ ಸುಮ್ಮನೆ ಹೋಗುತ್ತಿದ್ದರಲ್ಲ. ಭಕ್ತಿ ಎಂದುಕೊಂಡಿದ್ದೆ. ಅವರು ನೋಡುತ್ತಿದ್ದದ್ದು ಅಲ್ಲಿಲ್ಲದ ಕಣ್ಣನ್ನು.

ನಾಲ್ಕು ದಿನದಿಂದ ಅಪ್ಪ ನನ್ನೊಡನೆ ಮಾತಾಡಿಲ್ಲ. ತೆರೆಸಿದ ಕಣ್ಣನ್ನು ಮತ್ತೆ ಮುಚ್ಚುವ ಕೆಲಸ ನಮ್ಮವರಲ್ಲಿ ಯಾರಿಗೂ ಬರುವುದಿಲ್ಲ. ಒಮ್ಮೆ ಬಂದು ಹೋಗಕ್ಕ. ಭಾವನಿಗೆ ನಮಸ್ಕಾರ. ಸ್ನೇಹಳಿಗೆ ಸೋದರಮಾವನ ತುಂಬು ಆಶೀರ್ವಾದ.

ನಿನ್ನ ತಮ್ಮ,
ಲಕ್ಷ್ಮಣ

ತಾ.ಕ.: ಮೇಲೆ ಇದನ್ನು ಬರೆಯಲು ಕೈ ಬರಲಿಲ್ಲ. ಸೋಮವಾರ ಅಪ್ಪ ಮಲಗಿದ್ದಾಗ ಪುಟ್ಟಗೌರತ್ತೆ ಬಂದರು. ತಾಯಿಯ ಮುಖ ನೋಡಿದವರೇ ನಡುಮನೆ, ಹಿತ್ತಿಲು ಎಲ್ಲ ಇಣುಕಿ, "ಬಂದ್ಬುಟ್ರಾ, ಮಗ? ಎಲ್ಲವ್ರೆ?" ಅಂದರು. ತಪ್ಪು ನನ್ನದು ಅನ್ನಬೇಕಿತ್ತು. ಅವರ ಮುಖ ನೋಡಿ, "ಬತ್ತಾವ್ರಂತೆ ಅತ್ತೆ" ಅಂದುಬಿಟ್ಟೆ. ಅಪ್ಪನಿಗೆ ಇದು ಗೊತ್ತಿಲ್ಲ. ಇವತ್ತು ಪುಟ್ಟಗೌರತ್ತೆಯ ತಮ್ಮನ ಮಗ ನಿಂಗರಾಜು ಫೋನು ಮಾಡಿದ್ದ: "ಯಾರಣ್ಣ ಬತ್ತಿರೋದು? ನಮ್ಮತ್ತೆ ಮನೆಗೆಲ್ಲ ಸುಣ್ಣ ಬಳುಸ್ತಾವ್ಳೆ."