ಅವ್ವ ಬಿಟ್ಟ ಚಹಾ

ಐನಾಪುರ
೧೨-೮-೧೯೮೭

ನಾದಿನಿ ರತ್ನಾಬಾಯಿಗೆ ಜಯ ಜಿನೇಂದ್ರ.

ನಿನ್ನ ಅವ್ವ ಒಂದೊಂದೇ ಆಹಾರ ಬಿಡುತ್ತ ದೇಹ ಬಿಡುವ ಸಲ್ಲೇಖನ ವ್ರತ ಹಿಡಿದ ಸುದ್ದಿ ಮುಟ್ಟಿರಬೇಕು. ಪ್ರೀತಿಯದ್ದೇ ಮೊದಲು ಹೋಗಲೆಂದು ಚಹಾ ಬಿಟ್ಟರು, ಆಮೇಲೆ ಅನ್ನ. ದಿನಕ್ಕೊಂದು ಬಿಸ್ಕೀಟು ಉಳಿದಿತ್ತು.

ಚಹಾ ಕುಡಿಯುವುದನ್ನಷ್ಟೇ ಬಿಟ್ಟಿದ್ದಾರಲ್ಲ ಎಂದು ನಾನು ಜಾಣತನ ಮಾಡಿದೆ. ಚಹಾಪುಡಿ, ಒಣಶುಂಠಿ, ಏಲಕ್ಕಿ ಹಿಟ್ಟಿಗೆ ಕಲಸಿ, ಪಾತೇಲಿಯಲ್ಲಿ ಮರಳು ಕಾಯಿಸಿ ಬಿಸ್ಕೀಟು ಬೇಯಿಸಿದೆ. ಅವರು ಒಂದನ್ನು ಮೂಗಿನ ಹತ್ತಿರ ಹಿಡಿದು ಬಹಳ ಹೊತ್ತು ಕೂತರು.

"ವಾಸನಿ ಭಾಳ ಛಲೋ ಐತಿ, ಚಂಪವ್ವ," ಎಂದು ನನ್ನ ಕೈಗೇ ತಿರುಗಿ ಕೊಟ್ಟರು. ಆಮೇಲೆ ಕೈಮುಗಿದು ಬಿಸ್ಕೀಟನ್ನೂ ಬಿಟ್ಟರು. ಈಗ ನೀರಷ್ಟೇ.

ಆ ಬಿಸ್ಕೀಟು ಡಬ್ಬಿ ತುಂಬ ಹಾಗೇ ಇವೆ, ಮನೆಯಲ್ಲಿ ಯಾರೂ ಮುಟ್ಟುತ್ತಿಲ್ಲ. ಪತ್ರ ಮುಟ್ಟಿದ ಕೂಡಲೇ ಹೊರಡು. ಬರುವಾಗ ತಿನ್ನಲು ಏನೂ ತರಬೇಡ.

ನಿನ್ನ ವೈನಿ,
ಚಂಪಾಬಾಯಿ