ಮಾಮಾನ ಬೂಟು, ಕಡವೆಯ ಹೆಜ್ಜೆ

ವನಸಂಚಾರ ಧುರಂಧರರೂ, ಮೆಲ್ಬರ್ನಿನ ಗ್ಲೆನ್ ವೇವರ್ಲಿಯ ಏಕೈಕ ಧನುರ್ಧಾರಿಗಳೂ, ನನ್ನ ಅವ್ವನ ಬೆನ್ನಿಗೆ ಬಿದ್ದ ತಮ್ಮಂದಿರೂ ಆದ ಮಾಮಾನವರ ಪಾದಗಳಿಗೆ, ಸಿಡ್ನಿಯ ವೆಸ್ಟ್‌ಮೀಡ್ ಸ್ಟೇಷನ್ ಪಕ್ಕದ ಬಾಡಿಗೆ ಫ್ಲ್ಯಾಟಿನಿಂದ ಸೋದರಸೊಸೆಯ ಸಾಷ್ಟಾಂಗ ನಮಸ್ಕಾರಗಳು. ಇತ್ತ ಎಲ್ಲರೂ ಕ್ಷೇಮ. ಅತ್ತಲಿನ ಕ್ಷೇಮ ಕೇಳುವುದು ವಾಡಿಕೆ. ಆದರೆ ನೀನು ಸತ್ತು ವರ್ಷವಾಗುತ್ತಾ ಬಂತು, ಇನ್ನು ನಿನ್ನ ಕ್ಷೇಮಕ್ಕೆ ಏನು ಧಕ್ಕೆ? ಬಹುವಚನವೂ ಈ ಸಾಲಿಗೇ ಸಾಕು. ನಿನಗೊಂದು ಸುದ್ದಿ ಹೇಳುವುದಿದೆ.

ನೆನಪಿದೆಯೇ, ಆ ಯುಗಾದಿಯ ದಿನ ನಿನಗೆ ಮಾಡಿದ ಸನ್ಮಾನ? ಅಷ್ಟು ವರ್ಷ ಬಿಲ್ಲು ಹಿಡಿದು ಕಾಡು ಸುತ್ತಿಯೂ ಒಂದು ರೋಮವನ್ನೂ ಕೊಂಕಿಸದ ನಿನಗೆ, ಸಮಸ್ತ ಕಡವೆ ಸಮಾಜದ ಪರವಾಗಿ ಶಾಲು ಹೊದಿಸಿ, ಫಲತಾಂಬೂಲ ಕೊಟ್ಟು, ‘ಅಹಿಂಸಾ ಧನುರ್ವಿದ್ಯಾ ರತ್ನ’ ಎಂದು ಘೋಷಿಸಿದ್ದೆ. ಬಂದವರೆಲ್ಲ ಹೋಳಿಗೆ ಕೈಯಲ್ಲಿ ಹಿಡಿದೇ ನಕ್ಕರು. ನೀನು ಮಾತ್ರ ಗಂಭೀರವಾಗಿ ಎದ್ದು ನಿಂತು, ಈ ಗೌರವ ನನ್ನೊಬ್ಬನದಲ್ಲ, ನನ್ನ ಪೇಷಂಟ್‌ಗೂ ಸಲ್ಲಬೇಕು ಎಂದೆ. ಪೇಷಂಟ್ ಎಂದರೆ ಎಡಗಿವಿ ಸೀಳಿದ ಆ ಗಂಡು ಕಡವೆ. ಊರಿನವರ ಕಿವಿಯೆಲ್ಲ ಪರೀಕ್ಷೆ ಮಾಡಿ ಹಿಯರಿಂಗ್ ಏಡ್ ಕೂರಿಸುವ ನಿನಗೆ, ಕಾಡಿನಲ್ಲಿ ಸಿಕ್ಕವನೂ ಕಿವಿ ಹರಿದವನೇ. ಎಷ್ಟು ಸಲ ಹೋದರೂ ಅಪಾಯಿಂಟ್‌ಮೆಂಟ್ ಕೊಡುವುದಿಲ್ಲ ಎಂದು ನೀನು ಗೊಣಗುತ್ತಿದ್ದೆ.

ಮೊದಲ ಸಲ ನನ್ನನ್ನು ಆ ಬೆಟ್ಟದ ಕಾಡಿಗೆ ಕರೆದೊಯ್ದಾಗ, ನಾನು ಬೇಟೆ ಎಂದರೆ ಓಟ ಎಂದುಕೊಂಡು ಬಂದಿದ್ದೆ. ನೀನು ನಾಲ್ಕು ಹೆಜ್ಜೆ ಇಟ್ಟು ಮರವಾದೆ. ಎಷ್ಟೋ ಹೊತ್ತಿನ ಮೇಲೆ ಮತ್ತೆ ನಾಲ್ಕು ಹೆಜ್ಜೆ. ನನಗೆ ಕಾಲು ಜೋಮು ಹಿಡಿದು ಮುಂದೆ ನುಗ್ಗಿದರೆ ತೋಳು ಹಿಡಿದು ನಿಲ್ಲಿಸಿದೆ. “ನಡ್ಯಾಕ ಬಂದಿಲ್ಲವಾ ನಾವು, ನಿಂದ್ರಾಕ ಬಂದೀವಿ.” ಈಗಿನ ಬಿಲ್ಲುಗಳಿಗಿರುವಂತೆ ಹೆದೆ ಎಳೆಯುವ ಗಾಲಿಯಿಲ್ಲ, ಗುರಿ ನೋಡುವ ಗಾಜಿಲ್ಲ, ಬರೀ ಮರದ ಬಿಲ್ಲು. ಅದಕ್ಕೆ ಪ್ರಾಣಿ ಅಂಗಳದಷ್ಟು ಹತ್ತಿರ ಬರಬೇಕು. ಅಷ್ಟು ಹತ್ತಿರ ಬರುವುದಕ್ಕೆ ನಾವು ಇಲ್ಲದವರಂತೆ ಇರಬೇಕು. ಖಾನಾಪುರದ ಕಾಡಿನಂಚಿನಲ್ಲಿ ಹುಡುಗನಾಗಿದ್ದಾಗ ಕೇಳಿದ ಕಡವೆಯ ಕೂಗೇ ಇಲ್ಲೂ ಕೇಳುತ್ತದೆ ಎಂದು ಎಷ್ಟು ಸಂಭ್ರಮ ನಿನಗೆ! ಬಿಳಿಯರು ಎಂದೋ ನಮ್ಮ ಕಡೆಯಿಂದ ಹಡಗಿನಲ್ಲಿ ತಂದು ಬಿಟ್ಟ ಕಡವೆಗಳು. ಪಿಆರ್ ವೀಸಾ ಇಲ್ಲದೆಯೇ ಪರ್ಮನೆಂಟ್ ಆದ ನಮ್ಮೂರಿನವರು.

ಇನ್ನೊಂದು ಸಲ, ನೀನು ಹೊಳೆಯ ದಂಡೆಯ ಮೇಲಿನ ಸುಟ್ಟ ಮರಕ್ಕೆ ಬೆನ್ನು ಕೊಟ್ಟು ನಿಂತಿದ್ದಾಗ, ನಾನು ಹಿಂದಿನಿಂದ ಸದ್ದಿಲ್ಲದೆ ಹೋಗಿ ಕಡವೆಯಂತೆಯೇ ‘ಢಾಂಕ್’ ಎಂದು ಕೂಗಿದ್ದೆ. ಫ್ಲ್ಯಾಟಿನಲ್ಲಿ ಪಕ್ಕದ ಮನೆಯವರು ಗೋಡೆ ಗುದ್ದುವವರೆಗೆ ಅಭ್ಯಾಸ ಮಾಡಿದ ಕೂಗು ಅದು. ನೀನು ತಿರುಗಲೂ ಇಲ್ಲ. “ಕಾಲ ಬಡಿಯೋದು ಮರತಿ ನೋಡು” ಎಂದೆ. ಗಾಬರಿಯಾದ ಕಡವೆ ಕೂಗಿದ ಮೇಲೆ ಮುಂಗಾಲು ನೆಲಕ್ಕೆ ಬಡಿಯುತ್ತದಂತೆ. ಅದಿಲ್ಲದ ಕೂಗು ಬರೀ ಹುಡುಗಾಟವಂತೆ.

ನೀನು ಸಿಕ್ಕಿದ್ದೂ ಅದೇ ಸುಟ್ಟ ಮರದ ಬುಡದಲ್ಲಿ. ಹೃದಯ ನಿಂತಿತ್ತು, ಕಣ್ಣು ತೆರೆದಿತ್ತು, ಹೆದೆಗೆ ಹೂಡಿದ ಬಾಣ ಹೂಡಿದ ಹಾಗೇ ಇತ್ತು. ಮರುದಿನ ಹುಡುಕಿ ತಂದವರಲ್ಲಿ ಒಬ್ಬ ಮಾಮಿಯನ್ನು ಕೇಳಿದ, ಜೊತೆಗೆ ಯಾರಾದರೂ ಹೋಗಿದ್ದರೇ ಎಂದು. ನಿನ್ನ ಪಕ್ಕದಲ್ಲಿ ಜರೀಗಿಡಗಳೆಲ್ಲ ಒತ್ತಿಹೋಗಿದ್ದವಂತೆ, ಯಾರೋ ಬಹಳ ಹೊತ್ತು ಮಲಗಿ ಎದ್ದ ಹಾಗೆ. ಅವನು ಕೇಳಿ ಮರೆತ. ಮಾಮಿ ಮರೆಯಲಿಲ್ಲ. ಯಾರಿದ್ದರು? ಇದ್ದವರು ಒಂದು ಫೋನ್ ಮಾಡದೆ ಬಿಟ್ಟು ಹೇಗೆ ಹೋದರು? ಯಾರೂ ಇರಲಿಲ್ಲವೆಂದರೆ, ನೀನು ಒಬ್ಬನೇ ಅಲ್ಲಿ... ಎರಡೂ ಅವಳಿಗೆ ಸಹಿಸಲಾಗದ ಉತ್ತರಗಳೇ. ಊಟ ಬಿಟ್ಟಳು. ಫೋನ್ ಮಾಡಿದಾಗಲೆಲ್ಲ ಅದೊಂದೇ ಮಾತು.

ಆ ಜಾಗವನ್ನು ನಾನೇ ಒಮ್ಮೆ ನೋಡಿ ಬರೋಣವೆಂದು ಕಳೆದ ವಾರ ರಜೆ ಹಾಕಿ ಮೆಲ್ಬರ್ನ್‌ಗೆ ಹೋದೆ. ಗ್ಯಾರೇಜಿನಲ್ಲಿ ನಿನ್ನ ಬಿಲ್ಲು, ಬಲ ಹಿಮ್ಮಡಿ ಹೊರಗಡೆಗೆ ಸವೆದ ನಿನ್ನ ಬೂಟು ಹಾಗೇ ಇದ್ದವು. ಗ್ಯಾರೇಜಿನಿಂದ ಒಂದಿಂಚು ಒಳಗೆ ತರಗೊಡುತ್ತಿರಲಿಲ್ಲವಲ್ಲ ಮಾಮಿ, ಅದೇ ಬೂಟನ್ನು ತಾನೇ ಒರೆಸಿ ನನ್ನ ಮುಂದಿಟ್ಟಳು. “ಇವನ್ನ ಹಾಕ್ಕೊಂಡು ಹೋಗು. ಇವಕ್ಕ ದಾರಿ ಗೊತ್ತೈತಿ.” ದೊಡ್ಡದಾದವು. ಎರಡು ಜೊತೆ ಕಾಲುಚೀಲ ಹಾಕಿಕೊಂಡೆ.

ಸುಟ್ಟ ಮರ ಸಿಕ್ಕಿತು, ಮಾಮಾ. ನಿನ್ನಂತೆಯೇ ಬೆನ್ನು ಕೊಟ್ಟು, ನಿನ್ನ ಬಿಲ್ಲಿಗೇ ಬಾಣ ಹೂಡಿ ನಿಂತೆ. ಜರೀಗಿಡಗಳು ಎದ್ದು ನಿಂತು ಏನೂ ನಡೆದೇ ಇಲ್ಲವೆಂಬಂತೆ ಇದ್ದವು. ಕಾಡಿನಲ್ಲಿ ಒಂದು ಹಕ್ಕಿಯ ಸದ್ದೂ ಇಲ್ಲ. ಮಾಮಿಗೆ ಏನು ಹೇಳಲಿ ಎಂದು ಯೋಚಿಸುತ್ತಾ ಹೊರಟೆ, ಅಷ್ಟರಲ್ಲಿ ಮಂಜು ಇಳಿಯಿತು. ಹೊಳೆಯ ದಾರಿ ತಪ್ಪಿತು.

ಆಗ ಕೆಸರಿನಲ್ಲಿ ನಿನ್ನ ಹೆಜ್ಜೆ ಕಂಡೆ. ಬಲ ಹಿಮ್ಮಡಿ ಹೊರಗಡೆಗೆ ಸವೆದದ್ದು. ಹಸಿ ಹೆಜ್ಜೆ, ಇನ್ನೂ ನೀರು ಒಸರುತ್ತಿತ್ತು. ಹೆದರಲಿಲ್ಲ ಎಂದರೆ ನಂಬುತ್ತೀಯಾ? ಮಾಮಾ ಮುಂದೆ ಹೋಗಿದ್ದಾನೆ ಎಂದುಕೊಂಡೆ, ಅಷ್ಟೇ. ಹಿಂದೆ ಹಿಂದೆ ನಡೆದೆ. ನೀನು ನಿಂತಲ್ಲಿ ನಾನೂ ನಿಂತೆ. ಆಮೇಲೆ ಆ ಹೆಜ್ಜೆಗಳ ಮೇಲೆಯೇ ಇನ್ನೊಂದು ಗುರುತು ಕಂಡಿತು. ಸೀಳು ಗೊರಸು, ನನ್ನ ಅಂಗೈಯಷ್ಟು. ಮಾಮಾನ ಹಿಂದೆ ಯಾರು ಬರುತ್ತಿದ್ದಾರೆ ಎಂದು ಬಗ್ಗಿ ನೋಡುವಾಗ, ನನ್ನ ಕಾಲಲ್ಲಿದ್ದ ಬೂಟು ಕಣ್ಣಿಗೆ ಬಿತ್ತು.

ಸುತ್ತು ಹೊಡೆದು ನನ್ನ ಹೆಜ್ಜೆಯನ್ನೇ ಹಿಡಿದು ಬಂದಿದ್ದೆ. ಹಾಗಾದರೆ ಅಷ್ಟು ಹೊತ್ತೂ ನನ್ನ ಹಿಂದೆ... ಬೇರೆಯವರನ್ನು ಹಿಂದಿನಿಂದ ಬೆಚ್ಚಿ ಬೀಳಿಸುವುದು ನನ್ನ ಕಸುಬು. ನನ್ನ ಬೆನ್ನು ಅಷ್ಟು ತಣ್ಣಗಾದದ್ದು ಅದೇ ಮೊದಲು.

ಹೆಜ್ಜೆಗಳು ಮತ್ತೆ ಸುಟ್ಟ ಮರಕ್ಕೇ ಬಂದವು. ನಾನು ನಿಂತಿದ್ದ ಜಾಗದ ಪಕ್ಕ ಜರೀಗಿಡಗಳು ಒತ್ತಿದ್ದವು. ಸ್ವಲ್ಪ ಹೊತ್ತಿಗೆ ಮುಂಚೆ ನೆಟ್ಟಗಿದ್ದ ಅವೇ ಗಿಡಗಳು. ಕೈಯಿಟ್ಟೆ. ಬೆಚ್ಚಗಿತ್ತು.

ತಲೆ ಎತ್ತಿದರೆ ಮಂಜಿನಲ್ಲಿ ಅದು ನಿಂತಿತ್ತು. ನಿನ್ನ ಪೇಷಂಟ್. ಸೀಳಿದ ಕಿವಿ ಒಂದೇ ಅಲುಗುತ್ತಿತ್ತು. ಓಡಲಿಲ್ಲ. ನನ್ನ ಮುಖವನ್ನಲ್ಲ, ಕಾಲನ್ನು ನೋಡುತ್ತಿತ್ತು. ಏನು ಮಾಡಬೇಕೆಂದು ತೋಚದೆ ಬೂಟುಗಾಲನ್ನು ನೆಲಕ್ಕೆ ಬಡಿದೆ. ಅದು ಸುಮ್ಮನೆ ನೋಡಿತು. ಆಮೇಲೆ, ಕೂಗಲೇ ಇಲ್ಲ, ಮುಂಗಾಲೆತ್ತಿ ಒಮ್ಮೆ ಬಡಿಯಿತು. ನೆಲದ ಅದುರು ನನ್ನ ಹಿಮ್ಮಡಿಗೆ ತಾಗಿತು. ಮತ್ತೆ ನೋಡಿದರೆ ಮಂಜು ಮಾತ್ರ ಇತ್ತು. ಹೂಡಿದ ಬಾಣ ಇನ್ನೂ ಹೆದೆಯ ಮೇಲೇ ಇದೆ ಎಂದು ನೆನಪಾದದ್ದು ಕಾರಿನ ಹತ್ತಿರ ಬಂದಾಗ. ನಿನ್ನ ಬಾಣವೂ ಹಾಗೇ ಉಳಿದಿತ್ತಲ್ಲ.

ಇದನ್ನು ಮಾಮಿಗೆ ಹೇಳುವುದು ಹೇಗೆ? ಹುಟ್ಟಿದಾಗಿನಿಂದ ಒಂದು ನಿಜ ಹೇಳಿದ ದಾಖಲೆ ನನಗಿಲ್ಲ. ಅವಳು ರೊಟ್ಟಿ ತಟ್ಟುತ್ತಿದ್ದಳು. ಮಂಜು, ಹೆಜ್ಜೆ, ಬೆಚ್ಚಗಿನ ಗಿಡ, ಸೀಳಿದ ಕಿವಿ, ಒಂದೊಂದಾಗಿ ಹೇಳಿದೆ. ಕಾಲು ಬಡಿದೆ ಎಂಬಲ್ಲಿಗೆ ಬಂದಾಗ ಅವಳ ಕೈ ನಿಂತಿತು. “ಈ ವಿಷಯದಾಗ ಚಾಷ್ಟಿ ಮಾಡಬ್ಯಾಡ ನೋಡವಾ.” ಇಲ್ಲ ಎಂದೆ. ಹಂಚಿನ ಮೇಲೆ ರೊಟ್ಟಿ ಕಪ್ಪಾಗುತ್ತಿತ್ತು. ನಾನು ಮುಂದಿನದನ್ನು ಹೇಳುವ ಮೊದಲೇ ಅವಳು ಕೇಳಿದಳು:

“ನೀ ಬಡದ ಮ್ಯಾಲ, ಅದೂ ಒಮ್ಮೆ ಬಡೀತಲ್ಲ?”

ನೀನು ಕಾಲು ಬಡಿದರೆ ಅದೂ ತಿರುಗಿ ಒಮ್ಮೆ ಬಡಿಯುತ್ತದೆ ಎಂದು ಅವಳಿಗೆ ಎಂದೋ ಹೇಳಿದ್ದೆಯಂತೆ. ಅವಳು ತಮಾಷೆ ಎಂದುಕೊಂಡಿದ್ದಳಂತೆ. ನನಗೇಕೆ ಹೇಳಲಿಲ್ಲ, ಕಳ್ಳ? ಅವಳು ಒಲೆ ಆರಿಸಿ ಅಲ್ಲೇ ಕುಳಿತು ಅತ್ತಳು. ಅತ್ತು ಮುಗಿದ ಮೇಲೆ ಎರಡು ರೊಟ್ಟಿ ತಿಂದಳು, ಕರಿದಾದದ್ದೂ ಸೇರಿ.

ಇನ್ನೊಂದು ಸುದ್ದಿ. ಮುಂದಿನ ಚಳಿಗಾಲಕ್ಕೆ ಮಾಮಿಯೂ ಕಾಡಿಗೆ ಬರುತ್ತಾಳೆ. ನಿಲ್ಲುವುದನ್ನು ನಾನು ಕಲಿಸುತ್ತೇನೆ, ಇದು ಹುಡುಗಾಟದ ಮಾತಲ್ಲ. ನಾನು ಏರ್‌ಪೋರ್ಟಿಗೆ ಹೊರಟಾಗ ನಿನ್ನ ಬೂಟು ಗ್ಯಾರೇಜಿನಲ್ಲಿ ಇರಲಿಲ್ಲ. ಮುಂಬಾಗಿಲ ಒಳಗೆ, ಚಾಪೆಯ ಮೇಲೆ, ಮೂತಿ ಮನೆಯ ಕಡೆಗೆ ಮಾಡಿ ಇಟ್ಟಿದ್ದಳು, ಈಗಷ್ಟೇ ಒಳಗೆ ಬಂದವರು ಬಿಚ್ಚಿಟ್ಟ ಹಾಗೆ.